ಹೊಸ್ತಿಲ ಕೆಮ್ಮು

ದೂರದ ಊರಿನವರ ಕೊರಳನ್ನು ಮೈಸೂರಿನಲ್ಲಿ ಕುಳಿತೇ ಮುಟ್ಟಿ ನೋಡಬಹುದು ಎಂಬುದು ಈಗ ಯಾರಿಗೂ ಸೋಜಿಗದ ಸಂಗತಿಯಲ್ಲ. ರೋಗಿಯ ಕೊರಳಿಗೆ ಮೆತ್ತನೆಯ ಒಂದು ಪಟ್ಟಿ, ಇಲ್ಲಿ ವಿದ್ಯಾರ್ಥಿಯ ಕೈಗೆ ತೆಳುವಾದ ಒಂದು ಗವಸು. ಅಲ್ಲಿ ಗಂಟಲಿನ ಉಬ್ಬು ಮೇಲೆದ್ದರೆ ಇಲ್ಲಿ ಬೆರಳಿನ ಅಡಿಯಲ್ಲಿ ಅದು ಮೇಲೇಳುತ್ತದೆ. ಇಲ್ಲಿಂದ ಒತ್ತಿದರೆ ಅಲ್ಲಿ ಪಟ್ಟಿ ಅಷ್ಟೇ ಒತ್ತುತ್ತದೆ. ಮಾತು ಕಲಿಸುವ ಕೆಲಸದಲ್ಲಿ ಅರ್ಧ ಭಾಗ ಮುಟ್ಟುವುದೇ ಇರುತ್ತದೆ. ಬರೀ ಪರದೆಯಲ್ಲಿ ಮುಖ ನೋಡಿಕೊಂಡು ಕಲಿಸುತ್ತಿದ್ದ ಕಾಲದಲ್ಲಿ ಆ ಅರ್ಧ ಕಳೆದುಹೋಗಿತ್ತು.

ನಿರುಪಮಾ ಈ ತರಬೇತಿ ಕೋಣೆಯ ಮೇಲ್ವಿಚಾರಕಿ. ಸಾಲಾಗಿ ಕುಳಿತ ವಿದ್ಯಾರ್ಥಿಗಳಲ್ಲಿ ಯಾರ ಗವಸಿಗೆ ಬೇಕಾದರೂ ತನ್ನ ಗವಸನ್ನು ಸೇರಿಸಿಕೊಂಡು, ಅವರು ಮುಟ್ಟುತ್ತಿರುವ ಕೊರಳನ್ನು ತಾನೂ ಮುಟ್ಟಬಲ್ಲಳು. ಸೇರಿಕೊಳ್ಳುವ ಮೊದಲು ಅವಳು ವಿದ್ಯಾರ್ಥಿಯ ಹೆಗಲು ತಟ್ಟುತ್ತಿದ್ದಳು. ಹಾಗೆಂದು ನಿಯಮವೇನೂ ಇರಲಿಲ್ಲ. ತಾನು ಏನಾದರೂ ಕೆಡಿಸಿಬಿಟ್ಟೇನು ಎಂಬ ಅಂಜಿಕೆ ಅವಳಿಗೆ ಸದಾ ಇರುತ್ತಿತ್ತು, ಅಷ್ಟೆ.

ಅಂದು ಮಧ್ಯಾಹ್ನ ಕೊನೆಯ ವರ್ಷದ ದೇಚಮ್ಮ ಅವಳನ್ನು ಕರೆದಳು.

"ಮೇಡಂ, ಬ್ಯಾಡಗಿಯವರ ಕೆಮ್ಮು ಸೊನ್ನೆಗೆ ಬಂತು. ಒಂದು ವಾರದಿಂದ ಒಂದು ಸಲವೂ ಇಲ್ಲ."

ಬ್ಯಾಡಗಿಯವರು ಎಂದರೆ ಗದಿಗೆಪ್ಪ. ಮೆಣಸಿನಕಾಯಿ ಪೇಟೆಯಲ್ಲಿ ಹರಾಜಿನ ಸವಾಲು ಕೂಗುವವನು. ಯಂತ್ರಗಳು ಬಂದು ದರ ಹೇಳಲು ತೊಡಗಿದ ಮೇಲೂ ಆ ಅಂಗಡಿಯವರು ಕೂಗುವ ಮನುಷ್ಯನನ್ನು ಬಿಟ್ಟಿರಲಿಲ್ಲ. ಅವನ ದನಿ ಕೇಳದೆ ರೈತರು ಚೀಲ ಬಿಚ್ಚುತ್ತಿರಲಿಲ್ಲ. ವರ್ಷಗಟ್ಟಲೆ ಘಾಟು ಕುಡಿದು, ಕೂಗಿ, ಅವನ ದನಿಯ ತಂತುಗಳ ಮೇಲೆ ಗಂಟು ಬೆಳೆದಿತ್ತು. ಶಸ್ತ್ರಚಿಕಿತ್ಸೆ ಮಾಡಿ ಅದನ್ನು ತೆಗೆದ ವೈದ್ಯರು ಒಂದು ಮಾತು ಹೇಳಿ ಕಳಿಸಿದ್ದರು: ಈತ ಗಂಟಲು ಕೆರೆದು ಕೆಮ್ಮುವುದನ್ನು ಬಿಡಬೇಕು. ಹಾಗೆ ಕೆಮ್ಮಿದಾಗಲೆಲ್ಲ ಎರಡು ತಂತುಗಳು ಒಂದಕ್ಕೊಂದು ಬಡಿದುಕೊಳ್ಳುತ್ತವೆ. ಗಂಟು ಮರಳಿ ಬಂದರೆ ಮತ್ತೆ ಕತ್ತರಿ ಹಾಕಬೇಕು, ಆಮೇಲೆ ದನಿ ಉಳಿಯುವುದು ಅನುಮಾನ.

ಪಟ್ಟಿ ಇಂಥದ್ದಕ್ಕೂ ಉಪಯೋಗಕ್ಕೆ ಬರುತ್ತಿತ್ತು. ಕೆಮ್ಮು ಹೊರಡುವ ಮೊದಲು ಗಂಟಲಿನ ಸ್ನಾಯುಗಳು ಬಿಗಿಯುತ್ತವೆ. ಪಟ್ಟಿ ಆ ಬಿಗಿತವನ್ನು ಅರಿತು, ಸಣ್ಣದೊಂದು ಕಂಪನ ಕೊಡುತ್ತದೆ. ಕೆಮ್ಮಬೇಕಾದವನು ಉಗುಳು ನುಂಗುತ್ತಾನೆ, ಅಷ್ಟೆ. ನಿದ್ದೆಯಲ್ಲೂ, ಪೇಟೆಯಲ್ಲೂ, ಗವಸು ಹಾಕಿಕೊಂಡವರು ಊಟಕ್ಕೆ ಹೋದಾಗಲೂ ಪಟ್ಟಿ ತನ್ನ ಪಾಡಿಗೆ ತಡೆಯುತ್ತಿರುತ್ತದೆ. ಕೆಲವು ವಾರಗಳಲ್ಲಿ ದೇಹ ತಾನೇ ಆ ಅಭ್ಯಾಸವನ್ನು ಮರೆಯುತ್ತದೆ.

ಪರದೆಯಲ್ಲಿ ಗದಿಗೆಪ್ಪ ಕುಳಿತಿದ್ದ. ಪಕ್ಕದಲ್ಲಿ ಅವನ ಹೆಂಡತಿ ಫಕೀರವ್ವ. ನಿರುಪಮಾ ದೇಚಮ್ಮನ ಹೆಗಲು ತಟ್ಟಿ ಗವಸು ಸೇರಿಸಿಕೊಂಡಳು. "ಗದಿಗೆಪ್ಪನವರೇ, ನಿಧಾನವಾಗಿ ಒಂದು 'ಆ' ಅನ್ನಿ."

ಅವನು ಅಂದ. ಬೆರಳಿನ ಅಡಿಯಲ್ಲಿ ಎಲ್ಲೂ ತಡವರಿಸದ ನಡುಕ. ದನಿ ಗಾಜಿನ ಹಾಗೆ ಸ್ವಚ್ಛವಾಗಿತ್ತು.

"ಎಷ್ಟು ಚೆನ್ನಾಗಿದೆ ನೋಡಿ ಅಮ್ಮಾ," ಎಂದಳು ದೇಚಮ್ಮ ಫಕೀರವ್ವನಿಗೆ.

"ಛಲೋ ಆಗೈತ್ರಿ," ಎಂದಳು ಅವಳು. ಆಮೇಲೆ ಗಂಡನ ಕಡೆ ನೋಡಿದಳು. ಅವನು ಎದ್ದು ಹೊರಗೆ ಹೋಗುವವರೆಗೆ ಸುಮ್ಮನಿದ್ದು, ಪರದೆಯ ಹತ್ತಿರ ಸರಿದಳು. "ಮೇಡಮ್ಮಾರ, ಒಂದ್ ಮಾತ್ ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ನೀವು ತಗೊಂಡದ್ದನ್ನ ವಾಪಸ್ ಕೊಡಾಕ್ ಬರ್ತೈತೇನ್ರಿ?"

"ಏನು ತಗೊಂಡೆವು ಅಮ್ಮಾ?"

"ಕೆಮ್ಮ್ರಿ."

ದೇಚಮ್ಮನಿಗೆ ನಗು ಬಂತು. ನಿರುಪಮಾ ನಗಲಿಲ್ಲ. "ಅದು ಮರಳಿ ಬಂದರೆ ದನಿ ಹೋಗುತ್ತೆ. ವೈದ್ಯರು ಹೇಳಿದ್ದರಲ್ಲ?"

"ಗೊತ್ತೈತ್ರಿ. ಪೂರಾ ಬ್ಯಾಡ್ರಿ. ಮನಿ ಬಾಗಲಿಗೆ ಬಂದಾಗ ಒಂದ... ಒಂದ ಸಲ."

* * *

ಫಕೀರವ್ವನ ಮನೆಗೆ ಒಂದೇ ಬಾಗಿಲು. ಒಳಗೆ ಹೋದರೆ ಪಡಸಾಲೆ, ಅದರಾಚೆ ಅಡಿಗೆಮನೆ, ಅದರ ಮೂಲೆಯಲ್ಲಿ ಸೀರೆಯ ಪರದೆ ಕಟ್ಟಿದ ಬಚ್ಚಲು. ಚಿಲಕ ಹಾಕುವಂಥದ್ದು ಏನೂ ಇಲ್ಲ. ಬರುವವರು ಕೆಮ್ಮಿ ಬರಬೇಕು, ಒಳಗಿದ್ದವರು ಕೆಮ್ಮಿ ತಾವಿದ್ದೇವೆ ಎನ್ನಬೇಕು. ಇದನ್ನು ಯಾರೂ ಯಾರಿಗೂ ಕಲಿಸಿದ್ದಲ್ಲ.

ಗದಿಗೆಪ್ಪ ಮನೆಯಲ್ಲಿ ಮಾತಾಡುವ ಗಂಡಸಲ್ಲ. ಹಗಲಿಡೀ ಪೇಟೆಯಲ್ಲಿ ಕೂಗಿ ಬಂದವನ ಹತ್ತಿರ ಮನೆಗೆಂದು ಮಾತು ಉಳಿದಿರುತ್ತಿರಲಿಲ್ಲ. ಹೆಂಡತಿಯ ಹೆಸರು ಹಿಡಿದು ಅವನು ಒಮ್ಮೆಯೂ ಕರೆದಿರಲಿಲ್ಲ. ಅವನ ಓರಗೆಯ ಯಾವ ಗಂಡಸೂ ಕರೆಯುತ್ತಿರಲಿಲ್ಲ. ಮಕ್ಕಳಿದ್ದವರು ಮಕ್ಕಳ ಹೆಸರಿನ ಮುಂದೆ 'ಅವ್ವ' ಎಂದೋ 'ಅಪ್ಪ' ಎಂದೋ ಸೇರಿಸಿ ಒಬ್ಬರನ್ನೊಬ್ಬರು ಕೂಗುತ್ತಿದ್ದರು. ಇವರಿಗೆ ಮಕ್ಕಳಾಗಲಿಲ್ಲ. ಹಾಗಾಗಿ ಕೆಮ್ಮು ಉಳಿಯಿತು.

ಓಣಿಯ ತಿರುವಿನಲ್ಲಿ ಒಂದು ಕೆಮ್ಮು. ಅದು ಕಿವಿಗೆ ಬಿದ್ದರೆ ಅವಳು ಚಹಾದ ಪಾತ್ರೆ ಒಲೆಗಿಡುತ್ತಿದ್ದಳು. ಹೊಸ್ತಿಲಲ್ಲಿ ಇನ್ನೊಂದು, ಮೆಲ್ಲಗಿನದು. ಜೊತೆಗೆ ಯಾರಾದರೂ ಬಂದಿದ್ದರೆ ಅದನ್ನೇ ಸ್ವಲ್ಪ ಎಳೆಯುತ್ತಿದ್ದ. ಅವಳು ಸೆರಗು ಹೊದ್ದುಕೊಂಡು ಇನ್ನೆರಡು ಲೋಟ ತೆಗೆಯುತ್ತಿದ್ದಳು. ಜಗಳವಾದ ದಿನ ಹೊಸ್ತಿಲ ಕೆಮ್ಮು ತುಸು ತಡವಾಗಿ ಬರುತ್ತಿತ್ತು, ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂತು ಯೋಚಿಸಿದ ಮೇಲೆ. ಅದು ಬಂತೆಂದರೆ ಜಗಳ ಮುಗಿಯಿತು ಎಂದು ಅರ್ಥ. ಅವಳೂ ಬೇರೆ ಏನನ್ನೂ ಕೇಳುತ್ತಿರಲಿಲ್ಲ.

ಈಗ ಅವನು ಸುಮ್ಮನೆ ಬಂದುಬಿಡುತ್ತಾನೆ. ಅವಳು ತಿರುಗಿದರೆ ಹಿಂದೆ ನಿಂತಿರುತ್ತಾನೆ. ಒಂದು ದಿನ ಬಿಸಿನೀರಿನ ಚರಿಗೆ ಕೈಜಾರಿ ಬಿದ್ದು ಕಾಲು ಸುಟ್ಟುಕೊಂಡಳು. ಅವನು ಮುಲಾಮು ತಂದುಕೊಟ್ಟ. ಅದನ್ನು ತಂದಾಗಲೂ ಸದ್ದಿಲ್ಲದೆ ಬಂದ.

"ನಿನ್ನ ಗಂಡ ಬೆಕ್ಕಿನಂಗ ಬರ್ತಾನಲ್ಲವ್ವಾ," ಎಂದು ಎದುರುಮನೆಯ ಮಾಬುಬಿ ನಕ್ಕಳು. ಅವಳು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ಕೂತಿದ್ದಳು. "ನಮ್ಮ ಮಾವಗೂ ಆ ಪಟ್ಟಿ ಕಟ್ಟ್ಯಾರ. ನಾ ಏನ್ ಮಾಡೇನಿ ಗೊತ್ತೇನು? ಮುದುಕನ ಬಡಿಗಿಗೆ ಗೆಜ್ಜಿ ಕಟ್ಟೇನಿ. ಈಗ ಅಂವ ಬಂದ್ರ ಎತ್ತು ಬಂದಂಗ ಕೇಳತೈತಿ."

"ಬೈಲಿಲ್ಲೇನು?"

"ಬೈದ. ಬೈದ್ರ ದನಿ ಕೆಡತೈತಿ ಅಂತ ಹೆದರಿಸೇನಿ."

ಪೇಟೆಯ ಘಾಟಿನಲ್ಲಿ ಕೆಲಸ ಮಾಡುವ ಗಂಡಸರಲ್ಲಿ ಅನೇಕರ ಕೊರಳಿಗೆ ಪಟ್ಟಿ ಬಂದಿತ್ತು. ಓಣಿ ಮೆಲ್ಲಗೆ ಹೊಂದಿಕೊಳ್ಳುತ್ತಿತ್ತು. ಕೆಲವರು ಬಾಗಿಲಿಗೆ ಗಂಟೆ ತೂಗಿದರು. ಕೆಲವರು ಬಚ್ಚಲಿಗೆ ತಗಡಿನ ಕದ ಮಾಡಿಸಿದರು. ಒಬ್ಬ ಸೊಸೆ ಮಾವನ ಫೋನಿಗೆ ಏನೋ ಹಾಕಿಸಿದ್ದಳು, ಆತ ತಿರುವಿಗೆ ಬಂದರೆ ಅವಳ ಫೋನು ಹಾಡುತ್ತಿತ್ತು.

"ನಾ ಗಂಟಿ ಕಟ್ಟೂದಿಲ್ಲ," ಎಂದಳು ಫಕೀರವ್ವ.

"ಯಾಕ?"

"ಗಾಳಿ ಬಂದ್ರೂ ಬಾರಸ್ತೈತಿ ಅದು. ಅವ್ರು ಬಂದ್ರೂ ಬಾರಸ್ತೈತಿ."

ಮಾಬುಬಿ ತೊಟ್ಟು ಬಿಡಿಸುವ ಕೈ ನಿಲ್ಲಿಸಿ ಅವಳನ್ನು ನೋಡಿದಳು.

* * *

"ಮೇಡಂ, ಇದನ್ನೆಲ್ಲ ನಾವು ಕೇಳಿದರೆ ಆಗುತ್ತಾ?" ಎಂದಳು ದೇಚಮ್ಮ ಮರುದಿನ. "ದನಿ ಬೇಕು, ಕೆಮ್ಮೂ ಬೇಕು ಅಂದರೆ?"

ನಿರುಪಮಾ ಹಳೆಯ ದಾಖಲೆಗಳನ್ನು ತೆರೆದು ಕುಳಿತಿದ್ದಳು. ಪಟ್ಟಿ ಹಾಕಿದ ಮೊದಲ ದಿನಗಳಲ್ಲಿ ತಡೆ ಇರಲಿಲ್ಲ. ಪಟ್ಟಿ ಗಂಟಲಿನ ಪ್ರತಿಯೊಂದು ಕೆಮ್ಮನ್ನೂ ಹಿಡಿದಿಟ್ಟು ಕಲಿಯುತ್ತಿತ್ತು. ಅವಳು ಗವಸು ಹಾಕಿಕೊಂಡು ಆ ಕೆಮ್ಮುಗಳನ್ನು ಒಂದೊಂದಾಗಿ ಬೆರಳಿಗೆ ಬಿಟ್ಟುಕೊಂಡಳು. ಹಗಲಿನವು ಒರಟು. ಕಫವನ್ನು ಕಿತ್ತು ತೆಗೆಯುವಂಥವು. ಸಂಜೆಯವು ಬೇರೆ ಇದ್ದವು. ಅವುಗಳಲ್ಲಿ ಕಫ ಇರಲಿಲ್ಲ. ಗಂಟಲು ಒಂದಿಷ್ಟೇ ಬಿಗಿದು, ಬಾಗಿಲು ತಳ್ಳುವ ಹಾಗೆ ಮೆಲ್ಲಗೆ ತೆರೆದುಕೊಳ್ಳುತ್ತಿತ್ತು.

"ಕೈ ಕೊಡು," ಎಂದು ದೇಚಮ್ಮನ ಹೆಗಲು ತಟ್ಟಿ ಅದನ್ನು ಅವಳ ಗವಸಿಗೂ ಬಿಟ್ಟಳು.

ದೇಚಮ್ಮ ಸ್ವಲ್ಪ ಹೊತ್ತು ಕಣ್ಣು ಮುಚ್ಚಿದ್ದಳು. "ಇದು ಕೆಮ್ಮೇ ಅಲ್ಲ ಮೇಡಂ."

"ನಾವು ಎರಡನ್ನೂ ಒಂದೇ ಬುಟ್ಟಿಗೆ ಹಾಕಿದ್ದೀವಿ."

"ನಮ್ಮ ತಾತ ಬರೋದನ್ನು ನಾಯಿಗಳು ಹೇಳುತ್ತಿದ್ದವು. ಹಾಗಾಗಿ ನನಗೆ ಹೊಳೆಯಲೇ ಇಲ್ಲ."

ತನಗೆ ಹೊಳೆಯಬೇಕಿತ್ತು ಎಂದು ನಿರುಪಮಾಗೆ ಅನಿಸಿತು. ಅವಳು ಬೆಳೆದ ನಂಜನಗೂಡಿನ ಮನೆಯ ಬಚ್ಚಲಿಗೂ ಚಿಲಕ ಇರಲಿಲ್ಲ. ಕಾಲೇಜಿಗೆ ಸೇರಿದ ಮೇಲೆ, ಗಂಟಲು ಕೆರೆಯುವುದು ಕೆಟ್ಟ ಅಭ್ಯಾಸಗಳ ಸಾಲಿನಲ್ಲಿ ಮೊದಲನೆಯದು ಎಂದು ಓದಿದಳು, ಪರೀಕ್ಷೆಯಲ್ಲಿ ಬರೆದಳು, ಪಾಠ ಮಾಡಿದಳು. ಪುಸ್ತಕ ಸುಳ್ಳು ಹೇಳಿರಲಿಲ್ಲ. ಅದನ್ನು ಬರೆದವರ ಮನೆಗಳಲ್ಲಿ ಚಿಲಕಗಳಿದ್ದವು, ಅಷ್ಟೆ.

ಅಂದು ಸಂಜೆ ಮನೆಗೆ ಹೋದಾಗ ಬೆರಳಿಟ್ಟ ಕೂಡಲೆ ಬಾಗಿಲು ಸದ್ದಿಲ್ಲದೆ ತೆರೆಯಿತು. ಗಂಡ ಶ್ರೀಕರ ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಕೆಲಸ ಮಾಡುತ್ತಿದ್ದ. ಅವರಿಬ್ಬರೂ ಬರುವುದು ಹೋಗುವುದು ಫೋನಿನಲ್ಲಿ ಒಂದು ಪದವಾಗಿ ತಿಳಿಯುತ್ತಿತ್ತು: ಬಂದೆ, ಹೊರಟೆ. ಒಳ್ಳೆಯ ಮನುಷ್ಯ. ಅವನ ಮೇಲೆ ಅವಳಿಗೆ ದೂರೇನೂ ಇರಲಿಲ್ಲ. ಅವಳು ಹೊಸ್ತಿಲಲ್ಲಿ ನಿಂತು, ಯಾಕೆಂದು ತಿಳಿಯದೆ, ಒಮ್ಮೆ ಮೆಲ್ಲಗೆ ಗಂಟಲು ಸರಿಮಾಡಿಕೊಂಡಳು. ಅಭ್ಯಾಸ ತಪ್ಪಿ ಅದು ಒಣಗಿದ ಸದ್ದಾಗಿ ಬಂತು. ಶ್ರೀಕರ ತಿರುಗಲಿಲ್ಲ. ಅವಳು ಚಪ್ಪಲಿ ಬಿಟ್ಟು ಒಳಗೆ ಹೋಗಿ, ಇಬ್ಬರಿಗೂ ಕಾಫಿಗೆ ಇಟ್ಟಳು. ಅವಳು ಏನನ್ನು ಬಯಸುತ್ತಿದ್ದಳೋ ಅದಕ್ಕೆ ಅವಳ ವಿದ್ಯೆಯಲ್ಲಿ ಹೆಸರಿರಲಿಲ್ಲ.

* * *

ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರನ್ನು ಕೇಳಿ, ಮನೆಯ ಹೊಸ್ತಿಲಿನಲ್ಲಿ ಮಾತ್ರ ಪಟ್ಟಿ ತಡೆಯದ ಹಾಗೆ ನಿರುಪಮಾ ಮಾಡಿಸಿದಳು. ದಿನಕ್ಕೆ ಒಂದು ಮೆಲ್ಲಗಿನ ಕೆಮ್ಮಿನಿಂದ ಅಪಾಯ ಕಡಿಮೆ ಎಂದರು ಅವರು, ಇಲ್ಲವೇ ಇಲ್ಲ ಎನ್ನಲಿಲ್ಲ. ಅವಳು ಅದನ್ನು ಗಂಡಹೆಂಡಿರಿಬ್ಬರಿಗೂ ಹಾಗೆಯೇ ತಿಳಿಸಿದಳು.

ಗದಿಗೆಪ್ಪ ತಲೆ ತಗ್ಗಿಸಿ ಕೇಳಿಸಿಕೊಂಡ. "ಇಕಿಗೆ ಅದು ಬೇಕಂತೇನ್ರಿ?" ಎಂದ, ಪಕ್ಕದಲ್ಲೇ ಕೂತವಳನ್ನು ನೋಡದೆ.

"ನೀವೇ ಕೇಳಿ."

ಅವನು ಕೇಳಲಿಲ್ಲ. ಅವಳೂ ಹೇಳಲಿಲ್ಲ.

ಸಂಜೆ ಅವನು ಪೇಟೆಯಿಂದ ಬಂದು ಹೊಸ್ತಿಲ ಮುಂದೆ ನಿಂತ. ಮೈಸೂರಿನಲ್ಲಿ ಇಬ್ಬರು ಹೆಂಗಸರು ಗವಸು ಹಾಕಿಕೊಂಡು ಕಾದರು. ಅಡಿಗೆಮನೆಯಲ್ಲಿ ಫಕೀರವ್ವ ಚಹಾದ ಪಾತ್ರೆ ಹಿಡಿದುಕೊಂಡು ಕಾದಳು. ಗಂಟಲು ಬಿಗಿಯಲಿಲ್ಲ. ಅಲ್ಲಿ ಏನೂ ಹುಟ್ಟಲಿಲ್ಲ. ತಡೆಯುವವರು ಯಾರೂ ಇರಲಿಲ್ಲ, ಆದರೆ ತಡೆಯಬೇಕಾದದ್ದೇ ಉಳಿದಿರಲಿಲ್ಲ.

"ನೀವೇ ಒಂದು ಸಲ ಮಾಡಿ ನೋಡಿ," ಎಂದಳು ದೇಚಮ್ಮ, ಪಟ್ಟಿಯಲ್ಲಿದ್ದ ಸಣ್ಣ ಸ್ಪೀಕರಿನ ಮೂಲಕ.

ಅವನು ಮಾಡಿದ. ನಾಟಕದಲ್ಲಿ ಗೌಡನ ಪಾತ್ರದವನು ರಂಗಕ್ಕೆ ಬರುವಾಗ ಕೆಮ್ಮಿದ ಹಾಗಿತ್ತು. ಒಳಗಿನಿಂದ ಫಕೀರವ್ವನ ನಗು ಕೇಳಿತು, ಓಣಿಯ ಆಚೆಯಿಂದ ಮಾಬುಬಿಯದೂ. ಗದಿಗೆಪ್ಪನೂ ನಕ್ಕ. ಆಮೇಲೆ ಒಳಗಿನ ನಗು ನಿಂತಿತು, ಮತ್ತು ಬಹಳ ಹೊತ್ತು ಪಾತ್ರೆಗಳ ಸದ್ದೂ ಬರಲಿಲ್ಲ.

"ಬಿಡ್ರಿ ಮೇಡಮ್ಮಾರ," ಎಂದಳು ಅವಳು ಮರುದಿನ ಪರದೆಯ ಮುಂದೆ. "ಅದು ಕೇಳಿ ಇಸಗೊಳ್ಳೂ ವಸ್ತು ಅಲ್ಲ. ನಂದ ತಪ್ಪು. ದನಿ ಉಳೀಲಿ." ಅವಳು ನಗುತ್ತಲೇ ಹೇಳಿದಳು. ನಿರುಪಮಾ ಆ ನಗುವನ್ನು ನೋಡಲಾಗದೆ ಪರದೆಯ ಮೂಲೆಯಲ್ಲಿದ್ದ ಗಡಿಯಾರವನ್ನು ನೋಡಿದಳು.

ಅದೇ ವಾರ ಗದಿಗೆಪ್ಪ ತಾನಾಗಿ ಕರೆ ಮಾಡಿದ. ಮನೆಯಿಂದಲ್ಲ, ಪೇಟೆಯ ಉಗ್ರಾಣದಿಂದ. ಹಿಂದೆ ಕೆಂಪು ಚೀಲಗಳ ಗುಡ್ಡ.

"ಮೇಡಮ್ಮಾರ, ನನಗ ಒಂದ್ ಶಬ್ದ ಕಲಸ್ರಿ."

"ಯಾವುದು?" ಎಂದಳು ದೇಚಮ್ಮ. "ನಿಮಗೆ ಎಲ್ಲ ಶಬ್ದವೂ ಚೆನ್ನಾಗಿ ಬರುತ್ತಲ್ಲ."

ಅವನು ಹಿಂದೆ ಮುಂದೆ ನೋಡಿದ. "ಇಕಿ ಹೆಸರು."

ದೇಚಮ್ಮ ನಿರುಪಮಾಳ ಕಡೆ ತಿರುಗಿದಳು. ನಿರುಪಮಾ ಹತ್ತಿರ ಬಂದು ಅವಳ ಹೆಗಲು ತಟ್ಟಿ ಗವಸು ಸೇರಿಸಿಕೊಂಡಳು. "ಹೇಳಿ ಗದಿಗೆಪ್ಪನವರೇ. ಮೊದಲು 'ಮೆಣಸಿನಕಾಯಿ' ಅನ್ನಿ."

ಅಂದ. ಸಲೀಸಾಗಿ ಬಂತು.

"ಈಗ ಅವರ ಹೆಸರು."

ಬೆರಳಿನ ಅಡಿಯಲ್ಲಿ ಗಂಟಲು ಮೇಲಕ್ಕೆ ಏರಿತು, ಏರಿ ಅಲ್ಲೇ ನಿಂತುಬಿಟ್ಟಿತು. ಉಸಿರು ಕಟ್ಟಿತು. ನಿರುಪಮಾ ಇಷ್ಟು ವರ್ಷಗಳಲ್ಲಿ ನೂರಾರು ಕೊರಳುಗಳನ್ನು ಮುಟ್ಟಿದ್ದಳು. ಪಾರ್ಶ್ವವಾಯುವಿನ ಬಿಗಿತ ಗೊತ್ತಿತ್ತು, ಉಗ್ಗಿನ ಬಿಗಿತ ಗೊತ್ತಿತ್ತು. ಇದು ಯಾವುದೂ ಅಲ್ಲ. ನರೆತ ಮೀಸೆಯ ಮನುಷ್ಯನೊಬ್ಬ ನಾಚಿಕೊಂಡಿದ್ದ. ಇಷ್ಟು ದೂರದಿಂದ ಆ ನಾಚಿಕೆ ಅವಳ ಬೆರಳ ತುದಿಯಲ್ಲಿ ಹಕ್ಕಿಮರಿಯ ಹಾಗೆ ಮಿಡಿಯುತ್ತಿತ್ತು.

"ಬರೂದಿಲ್ರಿ," ಎಂದ ಅವನು. "ಸಾವಿರ ಮಂದಿ ಮುಂದ ಕೂಗ್ತೇನಿ. ಇದ್ ಬರವಲ್ದು."

"ಅವಸರವಿಲ್ಲ. ಮೊದಲು ಉಸಿರು ಬಿಡಿ."

ದಿನವೂ ಸವಾಲು ಮುಗಿದ ಮೇಲೆ ಅವನು ಉಗ್ರಾಣಕ್ಕೆ ಬಂದು ಕೂರತೊಡಗಿದ. ದೇಚಮ್ಮ ಅವನ ಕೊರಳನ್ನು ಮೆಲ್ಲಗೆ ಕೆಳಕ್ಕೆ ಒತ್ತಿ ಸಡಿಲಿಸುತ್ತಿದ್ದಳು. ಮೊದಲು ತುಟಿಯಾಡಿಸಿದ. ಆಮೇಲೆ ಪಿಸುಗುಟ್ಟಿದ. ಒಂದು ದಿನ ಚೀಲ ಹೊರುವ ಹಮಾಲನೊಬ್ಬ ಬಾಗಿಲಲ್ಲಿ ಇಣುಕಿ, "ಯಾರಿಗೆ ಕರಿಯಾಕತ್ತೀಯೋ ಗದಿಗೆಪ್ಪಣ್ಣ?" ಎಂದ. ಗದಿಗೆಪ್ಪ ಅವನಿಗೆ ಚೀಲದ ಹೊಲಿಗೆ ಬಿಟ್ಟಿದೆ ಎಂದು ಬೈದು ಕಳಿಸಿದ. ಅಂದಿನ ಪಾಠ ಅಲ್ಲಿಗೇ ಮುಗಿಯಿತು.

"ಮೇಡಂ," ಎಂದಳು ದೇಚಮ್ಮ ಒಮ್ಮೆ ಗವಸು ಬಿಚ್ಚುತ್ತ, "ಇದನ್ನು ಯಾವ ವಿಭಾಗದಲ್ಲಿ ಬರೆಯಲಿ?"

"ಬರೆಯಬೇಡ," ಎಂದಳು ನಿರುಪಮಾ.

* * *

ಕೊನೆಗೆ ಒಂದು ದಿನ ಅವನು, "ಇವತ್ತ ಕರೀತೇನ್ರಿ. ನೀವು ಕೈ ಹಿಡಕೊಂಡಿರ್ರಿ," ಎಂದ. ಕೊರಳ ಮೇಲಿರುವ ಅವರ ಬೆರಳುಗಳನ್ನು ಅವನು ಹಾಗೆ ಹೇಳುತ್ತಿದ್ದ.

ಇನ್ನೂ ಬಿಸಿಲಿತ್ತು. ಎಂದಿಗಿಂತ ಬೇಗ ಹೊರಟಿದ್ದ. ಪಟ್ಟಿಯ ಮೂಲಕ ಓಣಿಯ ಸದ್ದುಗಳು ಬರುತ್ತಿದ್ದವು: ಸೈಕಲ್ಲು, ಕೋಳಿ, ಎಲ್ಲೋ ಗೆಜ್ಜೆ ಕಟ್ಟಿದ ಬಡಿಗೆ. ಆಮೇಲೆ ಹೆಜ್ಜೆ ನಿಂತಿತು. ಗಂಟಲು ಏರಿತು. ದೇಚಮ್ಮ ಮೆಲ್ಲಗೆ ಒತ್ತಿದಳು. ನಿರುಪಮಾ ಒತ್ತಲಿಲ್ಲ, ಬರೀ ಇಟ್ಟುಕೊಂಡಿದ್ದಳು.

"ಫಕೀರವ್ವಾ."

ಸ್ವಚ್ಛವಾದ, ತುಂಬಿದ ದನಿ. ಸವಾಲಿನ ದನಿಯಲ್ಲ. ದೇಚಮ್ಮನ ಕಣ್ಣು ತುಂಬಿತು.

ಒಳಗೆ ಏನೋ ಪಾತ್ರೆ ಕೆಳಗಿಟ್ಟ ಸದ್ದು. ಆಮೇಲೆ ಅವಸರದ ಹೆಜ್ಜೆಗಳು, ಬಳೆಗಳು, ನೀರು ತುಂಬಿದ ತಂಬಿಗೆ ತುಳುಕುವ ಸದ್ದು. ಅವಳ ದನಿ ಅದಕ್ಕೂ ಮುಂದಾಗಿ ಓಡಿಬಂತು. ಇಷ್ಟು ದಿನದಲ್ಲಿ ಮೈಸೂರಿನವರು ಅದನ್ನು ಹಾಗೆ ಕೇಳಿರಲೇ ಇಲ್ಲ. ಸಣ್ಣ ಹುಡುಗಿಯ ದನಿಯಾಗಿತ್ತು.

"ಬಂದ್ಯಾ ಅಣ್ಣಾ? ಯಾವಾಗ ಬಿಟ್ಟಿ ಊರು? ಬಾ, ಕಾಲ್ ತೊಳ್ಕೋ, ಬಿಸಲಾಗ ನಿಂತಿ..."

ನಿರುಪಮಾಗೆ ಅರ್ಥವಾಯಿತು. ಆ ಹೆಸರನ್ನು ಹಿಡಿದು ಆ ಬಾಗಿಲಲ್ಲಿ ಕರೆಯುವವರು ಎಂದರೆ ತವರಿನವರು ಮಾತ್ರ. ಮದುವೆಯಾಗಿ ಬಂದ ದಿನದಿಂದ ಈ ಊರಿನಲ್ಲಿ ಅವಳನ್ನು ಯಾರೂ ಹಾಗೆ ಕರೆದಿಲ್ಲ. ಕರೆದದ್ದು ಯಾರೆಂದು ಅವಳು ಯೋಚಿಸಲೂ ಇಲ್ಲ. ಹೆಸರು ಕೇಳಿದೊಡನೆ ಓಡಿಬಂದಿದ್ದಳು.

ಹೆಜ್ಜೆ ಹೊಸ್ತಿಲಲ್ಲಿ ನಿಂತಿತು. ತಂಬಿಗೆಯ ನೀರು ಒಂದಿಷ್ಟು ಕಲ್ಲಿನ ಮೇಲೆ ಚೆಲ್ಲಿತು. ಗದಿಗೆಪ್ಪನ ಕೊರಳು ಎರಡು ಗವಸುಗಳ ಅಡಿಯಲ್ಲಿ ಅಲುಗದೆ ನಿಂತಿತ್ತು.

"ಯಾರೋ ಕರದ್ರಲ್ರಿ," ಎಂದಳು ಅವಳು. ದನಿ ಮತ್ತೆ ಎಂದಿನ ದನಿಯಾಗಿತ್ತು. ಓಣಿಯ ಆ ಕಡೆ ಈ ಕಡೆ ನೋಡಿರಬೇಕು, ಬಳೆ ಸದ್ದಾಯಿತು. "ಬಂದವ್ರು ಎಲ್ಲಿ?"

ದೇಚಮ್ಮ ಒತ್ತಲು ಬೆರಳೆತ್ತಿದಳು. ನಿರುಪಮಾ ಬೇಡವೆಂದು ತಲೆಯಾಡಿಸಿದಳು.

"ಇಲ್ಲೇ ಅದಾನ," ಎಂದ ಗದಿಗೆಪ್ಪ.

ಅವಳು ತಂಬಿಗೆಯನ್ನು ಕಟ್ಟೆಯ ಮೇಲೆ ಇಟ್ಟ ಸದ್ದು ಬಂತು, ತುಂಬ ಮೆಲ್ಲಗೆ, ನೀರು ಚೆಲ್ಲದ ಹಾಗೆ. ಅವನು ಕಟ್ಟೆಯ ಮೇಲೆ ಕೂತ. ಸ್ವಲ್ಪ ಹೊತ್ತಿನ ಮೇಲೆ ಬಳೆಗಳೂ ಅಷ್ಟು ಎತ್ತರದಲ್ಲೇ, ಅಷ್ಟು ಹತ್ತಿರದಲ್ಲೇ ಕೂತವು.

"ಗವಸು ತೆಗಿ," ಎಂದಳು ನಿರುಪಮಾ.

"ಇನ್ನೊಂದು ನಿಮಿಷ ಮೇಡಂ. ಮುಂದೆ ಏನಾಗುತ್ತೆ ಅಂತ..."

"ತೆಗಿ."

ದೇಚಮ್ಮ ತೆಗೆದಳು. ನಿರುಪಮಾ ತನ್ನದನ್ನು ಬಿಚ್ಚಲು ಸ್ವಲ್ಪ ತಡಮಾಡಿದಳು, ಆಮೇಲೆ ಒಂದೊಂದೇ ಬೆರಳನ್ನು ಬಿಡಿಸಿಕೊಂಡಳು. ಕೋಣೆಯಲ್ಲಿ ಉಳಿದ ವಿದ್ಯಾರ್ಥಿಗಳು ಬೇರೆ ಬೇರೆ ಊರುಗಳ ಕೊರಳುಗಳಿಗೆ 'ಆ' ಹೇಳಿಸುತ್ತಿದ್ದರು. ಅವಳು ಬರಿಗೈಯನ್ನು ಮೇಜಿನ ಮೇಲೆ ಇಟ್ಟುಕೊಂಡು, ಅದು ತಣ್ಣಗಾಗುವವರೆಗೆ ಕೂತಿದ್ದಳು.